ಉಪ್ಪು ನೋಡದ ಸಾರು

ಡಾಕ್ಟರು ಚೀಟಿಯಲ್ಲಿ ಬರೆದದ್ದು ಎರಡು ಗುಳಿಗೆ. ಮೂರನೆಯ ಔಷಧವನ್ನು ಬಾಯಿಂದ ಹೇಳಿದರು: 'ಅಜ್ಜಿಗೆ ಮಧ್ಯಾಹ್ನದ ಊಟಕ್ಕ ಚಿಕನ್ ಸೂಪ್ ಕೊಡ್ರಿ, ಅದರಾಗ ಒಂದು ಹಿಡಿ ಕಾಳೂ ಹಾಕ್ರಿ. ತಿಂತೀರಲ್ರಿ ನೀವು?' ಕಡೆಯ ಮಾತು ನನ್ನನ್ನು ನೋಡಿ ಕೇಳಿದ್ದು. ರೂಢಿಯಂತೆ ನಾನು 'ಬಿಟ್ಟೇನ್ರಿ ಸರ್' ಎಂದೆ. ಗಾಲಿಕುರ್ಚಿಯಲ್ಲಿ ಕೂತಿದ್ದ ಅವ್ವ ಮುಖ ಆಚೆ ತಿರುಗಿಸಿ, 'ಅಂವನ್ನ ಯಾರು ಕೇಳಿದ್ರು' ಎಂದಳು.

ಅವ್ವನಿಗೆ 86. ಬಚ್ಚಲ ಹೊಸ್ತಿಲಲ್ಲಿ ಜಾರಿ ಚಪ್ಪೆಯ ಎಲುಬು ಮುರಿದುಕೊಂಡು, ಆಪರೇಶನ್ ಆಗಿ, ನವಲಗುಂದ ತಾಲ್ಲೂಕಿನ ನಮ್ಮ ಊರಿಗೆ ಮರಳಿದಾಗ ಅವಳ ತೂಕ 42 ಕಿಲೋ. ನನ್ನ ಹೆಂಡತಿ ಹೋಗಿ ನಾಲ್ಕು ವರ್ಷ. ಮಗ ಬೆಂಗಳೂರಿನಲ್ಲಿ. ಒಲೆಯ ಮುಂದೆ ನಿಲ್ಲಲು ಉಳಿದವನು ನಾನೊಬ್ಬನೇ, ರಿಟೈರಾದ ಕನ್ನಡ ಮಾಸ್ತರ, 26 ವರ್ಷದಿಂದ ಕೋಳಿ ಮುಟ್ಟದವನು.

ಡಾಕ್ಟರರ ಲೆಕ್ಕ ಸರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅವ್ವನ ಪಾಲಿಗೆ 35 ಗ್ರಾಂ ಆಯಿತು. ಮುರಿದ ಎಲುಬು, ಸೊರಗಿದ ತೊಡೆ ಮತ್ತೆ ತುಂಬಬೇಕಾದರೆ ಇನ್ನೂ ಸ್ವಲ್ಪ ಹೆಚ್ಚು. ಅವಳು ತಿನ್ನುತ್ತಿದ್ದದ್ದು ಅರ್ಧ ರೊಟ್ಟಿ, ಎರಡು ಚಮಚ ಬ್ಯಾಳಿ. ಚರ್ಮ ತೆಗೆದ ಕೋಳಿ ಮಾಂಸದ 100 ಗ್ರಾಮಿನಲ್ಲಿ 20 ಗ್ರಾಮಿನ ಮೇಲೆ ಪ್ರೋಟೀನ್ ಇದೆ. ಒಣ ಹೆಸರುಕಾಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಕಾಳಿನಲ್ಲಿ ಧಾರಾಳ, ಹಾಗಾಗಿ ರೊಟ್ಟಿ ಕಾಳು ಜೋಡಿಯಾಗಿ ಹೋದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಎರೆಹೊಲದ ಹಿರಿಯರಿಗೆ ಲೈಸಿನ್ ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು.

'ಸೂಪಂದ್ರ ಏನಲೇ?' ಎಂದು ಅವ್ವ ಕೇಳಿದಳು. 'ಸಾರಿನ ತಿಳಿ' ಎಂದೆ. 'ಎಸರು ಅನ್ನು ಹಂಗಾರ.' ಮಾಸ್ತರಿಕೆ ಸುಮ್ಮನಿರುವುದಿಲ್ಲ. ಸೂಪ ಎಂಬ ಮಾತು ನಮ್ಮಲ್ಲಿ ಮೊದಲಿಂದ ಇದೆ, ಸಂಸ್ಕೃತದಲ್ಲಿ ಅದಕ್ಕೆ ಬೇಯಿಸಿದ ಬೇಳೆ ಎಂದೇ ಅರ್ಥ; 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಎಂಬ ಅಡುಗೆಯ ಪುಸ್ತಕವನ್ನೇ ಬರೆದ, ಅವನು ಜೈನ, ಅದರಲ್ಲಿರುವುದು ಶಾಕಾಹಾರ ಮಾತ್ರ ಎಂದೆಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡು, 'ಅಂವ ಕೋಳಿ ಹಾಕಿಲ್ಲಂದ್ರ ನಾ ಹೇಳಿಕೊಡ್ತೀನಿ, ಮಾಡು' ಎಂದಳು.

ಮಾಡುವ ಮೊದಲು ದಿನ ಗೊತ್ತು ಮಾಡಬೇಕಿತ್ತು. ನಾವು ಕುರುಬರು. ತಿನ್ನುವ ಮನೆಯವರಾದರೂ ಅವ್ವನ ವಾರದಲ್ಲಿ ತಿನ್ನುವ ದಿನಗಳು ಕಡಿಮೆ. ಸೋಮವಾರ ಬಸವಣ್ಣಂದು. ಮಂಗಳವಾರ ದ್ಯಾಮವ್ವಂದು. ಬ್ರಸ್ತವಾರ ಮಠದ್ದು. ಶುಕ್ರವಾರ ಸವದತ್ತಿ ಎಲ್ಲಮ್ಮಂದು. ಶನಿವಾರ ಹಣಮಪ್ಪಂದು. ಉಳಿದದ್ದು ಬುಧವಾರ, ಐತವಾರ. ಶ್ರಾವಣ ಬಂದರೆ ಅವೂ ಇಲ್ಲ. ಡಾಕ್ಟರು ದಿನಾ ಎಂದಿದ್ದರು. 'ವಾರಕ್ಕ ಎರಡು ದಿನ ಅವರ ಮಾತು, ಐದು ದಿನ ನನ್ನ ಮಾತು' ಎಂದಳು. ಐದು ದಿನ ಕಾಳು, ಹಾಲು, ಮೊಸರು ಎಂದು ಒಪ್ಪಂದವಾಯಿತು. ತಿನ್ನುವವರಿಗೆ ನೇಮವಿಲ್ಲ ಎನ್ನುವವರು ಈ ಪಂಚಾಂಗವನ್ನು ನೋಡಿಲ್ಲ.

ಮೊದಲ ಬುಧವಾರ ನಾನು ಸುಲಭದ ದಾರಿ ಹಿಡಿದೆ. ಬಸ್‌ಸ್ಟ್ಯಾಂಡಿನ ಬ್ರಾಯ್ಲರ್ ಅಂಗಡಿಗೆ ಹೋಗಿ ಅರ್ಧ ಕಿಲೋ ಹೇಳಿ, ಬೆನ್ನು ಮಾಡಿ ರಸ್ತೆ ನೋಡುತ್ತ ನಿಂತೆ. ಹಿಂದೆ ಒಂದು ರೆಕ್ಕೆ ಬಡಿದ ಸಪ್ಪಳ, ಆಮೇಲೆ ನೀರು ಬಿಟ್ಟ ಸಪ್ಪಳ. ಕೈಗೆ ಬಂದದ್ದು ಕರಿ ಪ್ಲಾಸ್ಟಿಕ್ ಚೀಲ. ಚರ್ಮವಿಲ್ಲ, ತಲೆಯಿಲ್ಲ, ಕಾಲಿಲ್ಲ. ಇಂಥದ್ದೆಂದು ಗುರುತಿಸಲು ಏನೂ ಉಳಿದಿರಲಿಲ್ಲ. ಬುದ್ಧ ತನ್ನ ಭಿಕ್ಷುಗಳಿಗೆ ಮೂರು ಶರತ್ತಿನ ಮೇಲೆ ಮಾಂಸ ಸ್ವೀಕರಿಸಲು ಬಿಟ್ಟಿದ್ದನಂತೆ: ತಮಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಅನುಮಾನವೂ ಇರಬಾರದು. ಬಟ್ಟಲಿಗೆ ಬಿದ್ದದ್ದನ್ನು ಉಣ್ಣಬೇಕಾದ ಬೈರಾಗಿಗಳಿಗೆ ಅದು ಸರಿ. ನಾನು ರೊಕ್ಕ ಕೊಟ್ಟು, ತೂಕ ಹೇಳಿ, ಬೆನ್ನು ತಿರುಗಿಸಿ ಅದೇ ರಿಯಾಯಿತಿ ಪಡೆಯಲು ನೋಡಿದ್ದೆ.

ಸಾರು ಮಾಡಿ ಕೊಟ್ಟೆ. ಅವ್ವ ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. 'ತಮ್ಮಾ, ಇದು ಹಿಟ್ಟು ಕಲಸಿಟ್ಟಂಗ ಐತಿ.'

ಹಿಟ್ಟು! ಆ ಮಾತು ನನ್ನನ್ನು ಎಲ್ಲಿಗೆ ಒಯ್ದಿತೆಂದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ಇಪ್ಪತ್ತು ವರ್ಷ ನಾನು ಕಾಲೇಜಿನ ಹುಡುಗರಿಗೆ ಜನ್ನನ 'ಯಶೋಧರ ಚರಿತೆ' ಹೇಳಿದವನು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ ಬರೆದ ಕಾವ್ಯ ಅದು. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತನೊಬ್ಬನಿಗೆ ಒಲಿದದ್ದನ್ನು ಕಣ್ಣಾರೆ ಕಂಡು ಕುಗ್ಗುತ್ತಾನೆ. ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ಕೊಲ್ಲಲಾರೆ ಎನ್ನುತ್ತಾನೆ ಮಗ. ಹಾಗಾದರೆ ಹಿಟ್ಟಿನ ಹುಂಜವನ್ನಾದರೂ ಕೊಡು ಎಂದು ತಾಯಿ ಒಪ್ಪಿಸುತ್ತಾಳೆ. ಕತ್ತಿ ಬಿದ್ದ ಗಳಿಗೆಯಲ್ಲಿ ಆ ಹಿಟ್ಟಿನ ಹುಂಜ ಕೂಗುತ್ತದೆ. ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಆಡು ಎಂದು ಹುಟ್ಟಿ ಹುಟ್ಟಿ ಸತ್ತು, ಕೊನೆಗೆ ಕೋಳಿಗಳಾಗಿಯೇ ಬಾಣಕ್ಕೆ ಬಿದ್ದು, ಆಮೇಲೆ ಮನುಷ್ಯ ಜನ್ಮಕ್ಕೆ ಬರುತ್ತಾರೆ.

ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿತು, ಪಾಪ ಮನಸ್ಸಿನದು. ಹುಡುಗರಿಗೆ ಐದು ಅಂಕದ ಉತ್ತರವೆಂದು ನಾನೂ ಹೀಗೇ ಬರೆಸಿದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ: 'ಸರ್, ಹಿಟ್ಟಿನ ಹುಂಜಕ್ಕ ಇಷ್ಟು ಜನ್ಮ ಅಂದ್ರ, ಖರೇ ಹುಂಜಕ್ಕ ಎಷ್ಟು?' ಕ್ಲಾಸು ನಕ್ಕಿತು. ಅವನ ಮನೆಯಲ್ಲಿ ಐತವಾರ ಏನು ಬೇಯುತ್ತಿತ್ತೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. 'ಅದು ಪರೀಕ್ಷೆಗೆ ಬರೂದಿಲ್ಲ, ಕುಂಡ್ರು' ಎಂದೆ. ಅಷ್ಟು ಒಳ್ಳೆಯ ಪ್ರಶ್ನೆ ಮತ್ತೆ ನನ್ನ ಕ್ಲಾಸಿನಲ್ಲಿ ಬರಲಿಲ್ಲ. ಉತ್ತರ ಹುಡುಕಬೇಕಾದ ದಿನ ಬಂದದ್ದು ಈಗ, ಅವ್ವನ ಮಂಚದ ಪಕ್ಕದಲ್ಲಿ, ಕೈಯಲ್ಲಿ ಅರೆ ಉಳಿದ ಬಟ್ಟಲು ಹಿಡಿದಾಗ.

ಯಶೋಧರನಿಗೆ ಎರಡೂ ಬೇಕಾಗಿದ್ದವು. ದೇವಿಗೆ ಬಲಿ ಕೊಟ್ಟ ಫಲವೂ ಬೇಕು, ಕೊಲ್ಲಲಿಲ್ಲವೆಂಬ ಹೆಸರೂ ಬೇಕು. ಹಿಟ್ಟಿನ ಹುಂಜ ಆ ಎರಡರ ನಡುವಿನ ಹಂಚಿಕೆ. ಅದು ಕೂಗಿದ್ದು ಹಿಟ್ಟಿಗೆ ಜೀವ ಬಂದದ್ದರಿಂದ ಮಾತ್ರವಲ್ಲ, ಆ ಹಂಚಿಕೆ ಬಯಲಾಗಬೇಕಾಗಿತ್ತು ಎಂದು ಈಗ ನನಗೆ ಅನಿಸುತ್ತದೆ. ಪಂಡಿತರು ಒಪ್ಪಲಿಕ್ಕಿಲ್ಲ. ಆದರೆ ಈ ಓದಿಗೆ ನಾನು ಪುಸ್ತಕದಿಂದ ಬರಲಿಲ್ಲ, ನನ್ನದೇ ಹಿಟ್ಟಿನ ಹುಂಜವೊಂದು ನನ್ನ ಬಳಿ ಇತ್ತು.

ನಾನು ಕೋಳಿ ಬಿಟ್ಟದ್ದು ಕಾವ್ಯ ಓದಿ ಅಲ್ಲ. ನನಗಾಗ 41. ಮನೆಯಲ್ಲಿ ಒಂದು ಕೆಂಪು ಹುಂಜ ಇತ್ತು, ನಸುಕಿನ ನಾಲ್ಕೂವರೆಗೆ ನನ್ನ ಕಿಟಕಿಯ ಕೆಳಗೇ ಕೂಗಿ ಎಬ್ಬಿಸುತ್ತಿತ್ತು. ಬೀಗರು ಬಂದರು, ಹುಂಜ ಎಸರಿಗೆ ಬಿತ್ತು, ನಾನೂ ಉಂಡೆ. ಮರುದಿನ ಎಚ್ಚರವಾದಾಗ ಬಿಸಿಲು ಗೋಡೆಗೆ ಬಂದಿತ್ತು. ಕೂಗು ಕೇಳದೆ ಮಲಗಿಯೇ ಇದ್ದೆ. ಆ ಸುಮ್ಮನಿರುವಿಕೆ ಎಷ್ಟೋ ದಿನ ಕಿವಿಯಲ್ಲಿ ಉಳಿಯಿತು. ಅಂದಿನಿಂದ ಬಿಟ್ಟೆ. ಇಷ್ಟು ನಿಜ, ಇದರಲ್ಲಿ ಹಿಟ್ಟಿಲ್ಲ.

ಹಿಟ್ಟು ಆಮೇಲೆ ಸೇರಿಕೊಂಡಿತು. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಬುತ್ತಿ ಬಿಚ್ಚುವಾಗ ನನ್ನ ಕುರ್ಚಿ ಮೊದಲು ಕಿಟಕಿಯ ಕಡೆ ಒಂಟಿಯಾಗಿತ್ತು. ಯಾರೂ ದೂರ ಕೂಡು ಎಂದವರಲ್ಲ. ಆದರೆ ಬಿಟ್ಟೇನೆಂದು ಗೊತ್ತಾದ ಮೇಲೆ ಅದು ಮೇಜಿನ ನಡುವಿಗೆ ಬಂತು. ಚಟ್ನಿ, ಪಲ್ಯ ಅತ್ತಿತ್ತ ಓಡಾಡತೊಡಗಿದವು. 'ಸರ್, ನೀವು ನಮ್ಮವರಂಗ ಅದೀರಿ' ಎಂದು ಒಬ್ಬರು ಪ್ರೀತಿಯಿಂದಲೇ ಹೇಳಿದರು. ನಾನು ನಕ್ಕೆ, ಒಳಗೊಳಗೇ ಹಿಗ್ಗಿದೆ. ಅಲ್ಲಿಂದ ಮುಂದೆ ಮದುವೆ, ಮುಂಜಿವೆ, ಎಲ್ಲಿ ಹೋದರೂ ಕೇಳದವರಿಗೂ 'ನಾ ತಿನ್ನೂದಿಲ್ರಿ' ಎಂದು ಹೇಳತೊಡಗಿದೆ. ಹುಂಜದ ಮೇಲಿನ ಮರುಕದಿಂದ ಹುಟ್ಟಿದ ನೇಮ ನನಗೊಂದು ದಾಖಲೆಪತ್ರವಾಯಿತು. ಆ ಪತ್ರ ನನ್ನನ್ನು ಮೇಲೆ ಎತ್ತಿದಷ್ಟೂ ಮನೆಯಲ್ಲಿ ಒಲೆ ಊದುತ್ತಿದ್ದ ಅವ್ವನನ್ನು ಕೆಳಗೆ ಒತ್ತುತ್ತಿತ್ತು. ಅದನ್ನು ಅವಳು ಎಂದೂ ಆಡಲಿಲ್ಲ. ನನಗಾಗಿ ಬೇರೆ ಬೋಗುಣಿ, ಬೇರೆ ಸೌಟು ಇಟ್ಟಳು, ಅಷ್ಟೇ.

ನಮ್ಮ ಸೀಮೆಗೆ ಈ ವಾದ ಹೊಸದಲ್ಲ. ನಮ್ಮೂರಿಂದ ಅಣ್ಣಿಗೇರಿ ದೂರವಲ್ಲ. ಅಮೃತೇಶ್ವರನ ಗುಡಿಯೂ ಪಾರ್ಶ್ವನಾಥ ಬಸದಿಯೂ ಒಂದೇ ಊರಲ್ಲಿರುವ, ಪಂಪನ ನಂಟಿನ ಊರು ಅದು. ತನ್ನ ಪೂರ್ವಜ ಮಾಧವ ಸೋಮಯಾಜಿಯ ಕೀರ್ತಿಗೆ ಯಜ್ಞದ ಹೊಗೆಯೇ ಮಸಿಯಾಯಿತೆಂದು ಬರೆದವನು ಪಂಪ. ಬಲಿಯ ಹೊಗೆ ಒಲ್ಲೆನೆಂದು ಆ ಮನೆತನ ದೇವರನ್ನೇ ಬದಲಿಸಿತು. ನಮ್ಮ ನೆಲದಲ್ಲಿ ದ್ಯಾಮವ್ವನ ಜಾತ್ರೆಗೆ ಕೋಣ ಬಿದ್ದದ್ದೂ ಉಂಟು. 1959ರ ಪ್ರಾಣಿಬಲಿ ನಿಷೇಧದ ಕಾಯಿದೆಯ ನಂತರ ಎಷ್ಟೋ ಊರಲ್ಲಿ ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತಾರೆ. ಹೋಳಾದ ಕುಂಬಳದಿಂದ ಕೆಂಪು ಹರಿಯುವುದನ್ನು ಕಂಡಾಗೆಲ್ಲ ನನಗೆ ಜನ್ನ ನೆನಪಾಗುತ್ತಾನೆ. ಕೋಣ ಉಳಿಯಿತಲ್ಲ ಎಂಬ ಸಮಾಧಾನ ಒಂದು ಕಡೆ, ಕೆಂಪು ಯಾಕೆ ಬೇಕಾಯಿತು ಎಂಬ ಪ್ರಶ್ನೆ ಇನ್ನೊಂದು ಕಡೆ. ಕೋಣಕ್ಕೆ ಮಾತ್ರ ಆ ಪ್ರಶ್ನೆಯಿಂದ ಆಗಬೇಕಾದ್ದೇನೂ ಇಲ್ಲ, ಅದಕ್ಕೆ ಕುಂಬಳವೇ ಮೇಲು.

ಇನ್ನೊಂದು ದಾರಿಯನ್ನೂ ಯೋಚಿಸಿದೆ. ಅವ್ವನಿಗೂ ಬಿಡಿಸಿಬಿಟ್ಟರೆ? ಗಾಂಧೀಜಿಗೆ ಇದೇ ಸಾರು ಎದುರಾಗಿತ್ತು. 1902ರ ಸುಮಾರಿಗೆ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತಜ್ವರ, ಜೊತೆಗೆ ನ್ಯುಮೋನಿಯಾ. ಪಾರ್ಸಿ ಡಾಕ್ಟರು ತತ್ತಿ ಮತ್ತು ಕೋಳಿಸಾರು ಕೊಡಿ ಎಂದರು. ಗಾಂಧಿ ಕೊಡಲಿಲ್ಲ. ನೀರಿನ ಚಿಕಿತ್ಸೆ, ಕಿತ್ತಳೆ ರಸ, ಒದ್ದೆ ಬಟ್ಟೆಯ ಸುತ್ತು, ರಾತ್ರಿಯ ದಿಗಿಲು, ಎಲ್ಲವನ್ನೂ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹುಡುಗ ಉಳಿದ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಗೆಲುವಲ್ಲ. ಮಗನನ್ನು ಕೇಳಿದೆ, ಅವನೂ ಸಾರು ಬೇಡ ಅಂದ ಎಂದು ಬರೆದ ಮೇಲೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ: ಕೊಟ್ಟಿದ್ದರೆ ಅವನು ತಿಂದೇ ಬಿಡುತ್ತಿದ್ದ ಎಂಬುದೂ ತನಗೆ ತಿಳಿದಿತ್ತು. ಅದನ್ನು ಬರೆಯದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನ ನೇಮದ ಭಾರವನ್ನು ಇನ್ನೊಂದು ಜೀವದ ಮೇಲೆ ಇಡುತ್ತಿದ್ದೇನೆಂದು ಬಲ್ಲ ಮನುಷ್ಯನ ಬರಹ ಅದು. ಆ ಭಾರ ಹೊರುವ ಎದೆ ನನಗಿಲ್ಲ. ಅವ್ವ ಹತ್ತು ವರ್ಷದ ಹುಡುಗನೂ ಅಲ್ಲ. ಅವಳಿಗೆ ಅವಳದೇ ನೇಮ ಇದೆ, ಐದು ದಿನದ್ದು.

ಮುಂದಿನ ಐತವಾರ ಅವ್ವನೇ ಮಂಚದಿಂದ ಕಾರುಬಾರು ಹಿಡಿದಳು. ಆಚೀಮನೆಯವರಿಂದ ಜವಾರಿ ಹುಂಜ ತರಿಸಿದಳು. 'ಕರೀ ಚೀಲದ್ದು ಬ್ಯಾಡ. ಇದನ್ನ ಒಳಗ ತಗೊಂಬಾ, ನಾ ನೋಡಬೇಕು.' ಕಾಲು ಕಟ್ಟಿದ ಹುಂಜವನ್ನು ಅವಳ ಮಡಿಲ ಹತ್ತಿರ ಹಿಡಿದೆ. ಎದೆಯ ಬಡಿತ ನನ್ನ ಅಂಗೈಗೆ ಹತ್ತುತ್ತಿತ್ತು. ಅವ್ವ ಅದರ ಕುತ್ತಿಗೆ ಸವರಿ, ತಂಬಿಗೆಯಿಂದ ಎರಡು ಬೆರಳದ್ದಿ ನೀರು ಚಿಮುಕಿಸಿ, ಏನೋ ಗೊಣಗಿಕೊಂಡು ಕಾದಳು. ಹುಂಜ ಮೈ ಕೊಡವಿತು. 'ಹೂಂ ಅಂತು, ಒಯ್ಯಿ' ಎಂದಳು.

ಇದು ಊರೂರಲ್ಲಿ ಇರುವ ಪದ್ಧತಿ. ಹಳೆಯ ಗ್ರೀಕರಲ್ಲೂ ಇತ್ತು, ಬಲಿಯ ಪಶುವಿನ ತಲೆಗೆ ನೀರು ಚಿಮುಕಿಸಿ ಅದು ತಲೆಯಾಡಿಸಿದರೆ ಒಪ್ಪಿತೆಂದು ತಿಳಿಯುತ್ತಿದ್ದರು. ನನಗೆ ಸಿಟ್ಟೇ ಬಂತು. ಇದೇ ಅಲ್ಲವೇ ಹಿಟ್ಟಿನ ಹುಂಜ? 'ಅವ್ವಾ, ನೀರು ಬಿದ್ರ ಯಾವ ಕೋಳಿಯಾದ್ರೂ ಕೊಡವತೈತಿ. ಅದು ಒಪ್ಪಿಗೆ ಹೆಂಗಾದೀತು?'

ಅವ್ವ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. 'ಅದು ನನಗ ಗೊತ್ತಿಲ್ಲೇನಲೇ? ಎಪ್ಪತ್ತು ವರ್ಷ ಕೋಳಿ ಸಾಕೇನಿ. ಅದು ಒಪ್ಪೂದಿಲ್ಲ. ಯಾವ ಜೀವಾನೂ ಒಪ್ಪೂದಿಲ್ಲ. ಆದ್ರ ಕೇಳದ ಕೊಯ್ಯಬಾರದು.'

ಕೊಯ್ಯಲು ದರ್ಗಾದ ಕಡೆಯ ಮನೆಯ ಹುಡುಗ ಬಂದ. ನಮ್ಮಲ್ಲಿ ಕುರುಬರ ಮನೆಯ ಕೋಳಿಗೂ ಮುಲ್ಲಾನ ಮನೆಯವರು ಹೆಸರು ಹೇಳಿ ಚೂರಿ ಹಾಕುವುದು ಹಳೆಯ ರೂಢಿ. ಅವ್ವನ ನೀರು ದ್ಯಾಮವ್ವನದು, ಅವನು ಹೇಳಿದ ಹೆಸರು ಅವನ ದೇವರದು. ಇಬ್ಬರೂ ತಾವು ಮಾಡುತ್ತಿರುವುದು ತಮ್ಮ ಕೈ ಮೀರಿದ ಕೆಲಸವೆಂದು ಒಪ್ಪಿ ಮೇಲಿನವರನ್ನು ಕರೆದರು. ನಾನು ಈ ಸಲ ಬೆನ್ನು ತಿರುಗಿಸಲಿಲ್ಲ. ಯಶೋಧರನಿಗೂ ಅವ್ವನಿಗೂ ಇರುವ ಅಂತರ ಅಂಗಳದಲ್ಲಿ ನಿಂತಾಗ ಹೊಳೆಯಿತು. ಅವನು ಇಲ್ಲದ ಜೀವವನ್ನು ಇಟ್ಟುಕೊಂಡು ಕೊಲ್ಲಲಿಲ್ಲವೆಂದ. ಇವಳು ಇರುವ ಜೀವವನ್ನು ಮುಟ್ಟಿ, ಕೊಲ್ಲುತ್ತೇನೆಂದು ಅದಕ್ಕೇ ಹೇಳಿದಳು. ಇದರಿಂದ ಹುಂಜ ಉಳಿಯಲಿಲ್ಲ, ಕೇಳಿದ್ದರಿಂದ ಕೊಂದದ್ದು ಪುಣ್ಯವಾಗಲಿಲ್ಲ. ಅವ್ವನೂ ಪುಣ್ಯವೆನ್ನಲಿಲ್ಲ.

ಅರ್ಧ ಹುಂಜ ಆಚೀಮನೆಗೆ ಹೋಯಿತು. ಉಳಿದದ್ದರಲ್ಲಿ ಕಾಲು ಕಿಲೋದಷ್ಟು ತುಂಡನ್ನು ಎಲುಬು ಸಮೇತ ಕುಕ್ಕರಿಗೆ ಹಾಕಿದೆ. ಒಂದು ಉಳ್ಳಾಗಡ್ಡಿ, ಎಂಟು ಎಸಳು ಬಳ್ಳೊಳ್ಳಿ, ಹಸಿಶುಂಠಿ, ಅರಿಷಿಣ, ಜಜ್ಜಿದ ಮೆಣಸು, ಜೀರಿಗೆ, ಒಂದೂವರೆ ಲೀಟರು ನೀರು. ಒಣಕೊಬ್ಬರಿ ಇಲ್ಲ, ಕೆಂಪು ಖಾರ ಇಲ್ಲ. 'ಖಾರ ಇಲ್ಲದ್ದು ಯಾವ ಸೀಮಿ ಸಾರು' ಎಂದು ಮಂಚದಿಂದ ಆಕ್ಷೇಪ ಬಂತು. ಬ್ರಾಯ್ಲರ್‌ಗೆ ಎರಡು ಸೀಟಿ ಸಾಕು, ಅಂಗಳದಲ್ಲಿ ಓಡಾಡಿದ ಹುಂಜಕ್ಕೆ ಆರು ಬೇಕಾಯಿತು. ಆರಿದ ಮೇಲೆ ಮೇಲಿನ ಎಣ್ಣೆಜಿಡ್ಡನ್ನು ಸೌಟಿನಿಂದ ತೆಗೆದೆ. ಎಲುಬಿನಿಂದ ಮಾಂಸ ಬಿಡಿಸಬೇಕಿತ್ತು, ಅವ್ವನಿಗೆ ಉಳಿದಿರುವುದು ನಾಲ್ಕೇ ಹಲ್ಲು. 26 ವರ್ಷದ ಮೇಲೆ ಬೆರಳು ಮುಟ್ಟಿತು. ಮನಸ್ಸು ಹೇಸಿಕೊಳ್ಳುವುದೆಂದು ಕಾದೆ. ಬೆರಳು ಮಾತ್ರ ಸಂದು ಎಲ್ಲಿ, ನಾರು ಯಾವ ಕಡೆಗೆ ಬಿಡುತ್ತದೆ ಎಂದು ತಾನೇ ಹುಡುಕಿಕೊಂಡು ಹೋಯಿತು.

ಕಾಳು ನಮ್ಮ ಹೊಲದ್ದೇ ಹೆಸರು. ಹಿಂದಿನ ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮಳಕಿ ಬಂದಿದ್ದವು. ತಿಳಿಯನ್ನು ಮತ್ತೆ ಒಲೆಗಿಟ್ಟು ಒಂದು ಹಿಡಿ ಕಾಳು ಹಾಕಿದೆ, ಹತ್ತು ನಿಮಿಷ ಕುದಿ ಸಾಕು. ಪಾತ್ರೆಯಲ್ಲಿ ಕಾಳು ಏಳುತ್ತ ಬೀಳುತ್ತ ಇರುವುದನ್ನು ನೋಡುತ್ತ ನಿಂತೆ. ಇಷ್ಟು ದಿನ ಪಾಪವೆಲ್ಲ ಕೋಳಿಯದು, ಕಾಳು ಮುಗ್ಧ ಎಂದುಕೊಂಡಿದ್ದೆ. ಜೂನಿನಲ್ಲಿ ಬಿತ್ತಲು ಟ್ರ್ಯಾಕ್ಟರ್ ಎರೆ ಮಣ್ಣು ಮಗುಚಿದಾಗ ಹಿಂದೆ ಬೆಳ್ಳಕ್ಕಿಯ ಹಿಂಡು ಯಾಕೆ ಬರುತ್ತದೆಂದು ನನಗೆ ಗೊತ್ತಿಲ್ಲವೇ? ಹೂ ಬಿಟ್ಟಾಗ ಕೀಡಿಗೆ ಎರಡು ಸಲ ಎಣ್ಣೆ ಹೊಡೆಸಿದವನು ನಾನೇ. ಜೈನರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮನೆವಾರ್ತೆಯಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ತಡೆಯಲು ಮಾಡುವ ವಿರೋಧೀ. ಸಂಸಾರಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಹುಂಜ ಮೊದಲನೆಯ ಸಾಲಿಗೆ, ಹೆಸರಿನ ಕೀಡಿ ಮೂರನೆಯ ಸಾಲಿಗೆ. ಈ ವಿಂಗಡಣೆಯ ಸೂಕ್ಷ್ಮಕ್ಕೆ ನಾನು ಕೈ ಮುಗಿಯುತ್ತೇನೆ, ಎಲ್ಲ ಹಿಂಸೆಯೂ ಒಂದೇ ಎನ್ನುವ ಉಡಾಫೆಗಿಂತ ಅದು ದೊಡ್ಡದು. ಅವರ ನೇಮದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿ, ಮಳಕಿ ಒಡೆದ ಕಾಳು ಕೂಡ ಬಿಡಬೇಕಾದವು. ಅಂದಮೇಲೆ ಅವರ ಕಣ್ಣಲ್ಲಿ ನನ್ನ 26 ವರ್ಷದ ಬೋಗುಣಿಯೂ ಅಷ್ಟೇನೂ ತೊಳೆದದ್ದಲ್ಲ. ನಾನು ಎಣ್ಣೆ ಹೊಡೆಸಿದ ದಿನ ಯಾವ ಕೀಡಿಯನ್ನೂ ಕೇಳಿರಲಿಲ್ಲ.

ಬಟ್ಟಲಿಗೆ ಬಗ್ಗಿಸುವ ಮೊದಲು ಅವ್ವ ಕೂಗಿದಳು: 'ಉಪ್ಪು ನೋಡಿಯೇನು?'

'ನೀನ ನೋಡವ್ವ.'

ಕುಡಿದು ನೋಡಿ, 'ಸಪ್ಪಗ' ಎಂದಳು. ಚಿಟಿಕೆ ಹಾಕಿ ಕಲಕಿ ಕೊಟ್ಟೆ. 'ಇನ್ನೂ ಸಪ್ಪಗ.' ಮತ್ತೆ ಹಾಕಿದೆ. 'ಈಗ ಹೆಚ್ಚಾತು.' ಬಿಸಿನೀರು ಬೆರೆಸಿದೆ. ಅವ್ವ ಬಟ್ಟಲು ಹಿಡಿದುಕೊಂಡೇ ನಿಟ್ಟುಸಿರು ಬಿಟ್ಟಳು. 'ತಮ್ಮಾ, ತಾ ಉಪ್ಪು ನೋಡದ ಇನ್ನೊಬ್ಬರಿಗೆ ಅಡಗಿ ಮಾಡಬಾರದಪಾ. ಬ್ಯಾರೆಯವರ ಮನಿಗೆ ಮಾಡಿಕೊಟ್ಟಂಗ ಆಕ್ಕೈತಿ.'

ಮುಂದಿನ ಬುಧವಾರ ಅದೇ ಸಾರು, ಅದೇ ಒಲೆ. ಸೌಟಿನಿಂದ ಒಂದು ಹನಿ ಅಂಗೈ ಮೇಲೆ ಬಿಟ್ಟುಕೊಂಡೆ. ಒಲೆಯ ಮುಂದೆ ನಿಂತ ಹೆಂಗಸರು ಅದನ್ನು ಹೇಗೆ ನೆಕ್ಕಿ ನೋಡುತ್ತಾರೋ ಹಾಗೆ ನೋಡಿದೆ. ಉಪ್ಪು ಒಂದು ಚೂರು ಕಡಿಮೆ ಇತ್ತು, ಹಾಕಿದೆ. ನೇಮ ಮುರಿಯಿತೋ ಇಲ್ಲವೋ ಎಂದು ತೀರ್ಪು ಕೊಡುವವನು ನಾನಲ್ಲ. ನಾನು ಈಗಲೂ ತಿನ್ನುವುದಿಲ್ಲ, ಆ ಕೆಂಪು ಹುಂಜದ ಸುಮ್ಮನಿರುವಿಕೆ ಈಗಲೂ ಕಿವಿಯಲ್ಲಿದೆ. ಕೇಳದವರಿಗೆ ಅದನ್ನು ಹೇಳಿಕೊಂಡು ತಿರುಗುವುದನ್ನು ಮಾತ್ರ ಬಿಟ್ಟಿದ್ದೇನೆ. ಹಿಂದಿನ ಬೆಂಚಿನ ಆ ಹುಡುಗ ಎಲ್ಲಾದರೂ ಸಿಕ್ಕರೆ, ಖರೇ ಹುಂಜದ ಲೆಕ್ಕ ನನಗೆ ಬಾರದು, ನನ್ನ ಹಿಟ್ಟಿನ ಹುಂಜದ ಲೆಕ್ಕ ಮಾತ್ರ ಸಿಕ್ಕಿದೆ ಎಂದು ಹೇಳಬೇಕು.

ಅವ್ವ ಅಂದು ಒಂದು ಪೂರ್ತಿ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಕೊಂಡು ಉಂಡಳು. ಒಂದು ನಾರು, ಒಂದು ಕಾಳು ಬಿಡಲಿಲ್ಲ. ಕಡೆಯ ತುತ್ತಿನಿಂದ ಬಟ್ಟಲಿನ ಒಳಸುತ್ತನ್ನು ಒರೆಸಿ ಬಾಯಿಗಿಟ್ಟುಕೊಂಡು, ಖಾಲಿ ಬಟ್ಟಲನ್ನು ಹಣೆಗೆ ಮುಟ್ಟಿಸಿ ನನ್ನ ಕೈಗೆ ಕೊಟ್ಟಳು. ತೊಳೆಯಲು ಬಚ್ಚಲಿಗೆ ಒಯ್ದೆ. ತೊಳೆಯುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.